ನೂರ ನಲವತ್ತಮೂರನೆಯ ಪುಟ

ಹನ್ನೊಂದು ದಿನದಿಂದ ಹೆಸ್ಟರ್ ಅದೇ ಪುಟದಲ್ಲಿದ್ದಾಳೆ.
ಬಾರ್ನ್ಸ್‌ಲಿಯ ಏರುಬೀದಿಯಲ್ಲಿ ಮೇಲಂತಸ್ತಿನ ಕೋಣೆ.
ಕಿಟಕಿಯಾಚೆ, ಮುಚ್ಚಿದ ಕಲ್ಲಿದ್ದಲ ಗಣಿಯ ದಿಬ್ಬಕ್ಕೆ
ಹುಲ್ಲು ಹೊದಿಸಿ ಈಗ ಉದ್ಯಾನ ಅನ್ನುತ್ತಾರೆ.

ಫ್ರೆಂಚ್ ಕಾದಂಬರಿ. ಹೆಚ್ಚೇನೂ ನಡೆಯುವುದಿಲ್ಲ ಅದರಲ್ಲಿ.
ಸಮುದ್ರದಂಚಿನ ಊರು, ಮೀನಿನ ಡಬ್ಬಿಯ ಕಾರ್ಖಾನೆ,
ಇಪ್ಪತ್ತೊಂದು ವರ್ಷ ಒಂದೇ ಒಲೆಯ ಮುಂದೆ ಅತ್ತೆ, ಸೊಸೆ.
ಅತ್ತೆಗೆ ಸೊಸೆ 'ನೀವು', ಸೊಸೆಗೆ ಅತ್ತೆ 'ನೀವು',
ಜಗಳವೂ ಬಹುವಚನದಲ್ಲೇ.
ಸೊಸೆ ನೊಲ್ವೆನ್ ಆಡುವ ಪ್ರತಿ ಮಾತಿನ ಕೊನೆಗೆ
ಅಂಗಿಗೆ ಗುಂಡಿ ಹಾಕಿದಂತೆ ಒಂದು 'ಮದಾಮ್ ಟ್ರೆಗೆರ್':
"ಉಪ್ಪು ನೀವೇ ಹಾಕಿದಿರಿ, ಮದಾಮ್ ಟ್ರೆಗೆರ್."

ಈ ಪುಟದಲ್ಲಿ ಮುದುಕಿಗೆ ಜ್ವರ.
ಒದ್ದೆ ಕಾಲುಚೀಲ ಎಳೆಯುತ್ತ ನೊಲ್ವೆನ್ ಕೇಳುತ್ತಾಳೆ:
"ನಿನಗೆ ಚಳಿಯೇ, ಮದಾಮ್ ಟ್ರೆಗೆರ್?"

ಅಷ್ಟೇ.
ಇಡೀ ಪುಸ್ತಕ ಆ 'ನಿನಗೆ'ಗೆ ಒರಗಿ ನಿಂತಿದೆ.
ಇಂಗ್ಲಿಷಿನಲ್ಲಿ ಆ ಗೋಡೆಯೇ ಇಲ್ಲ:
ನ್ಯಾಯಾಧೀಶನಿಗೂ ನಾಯಿಮರಿಗೂ ಅಲ್ಲಿ ಒಂದೇ 'ಯು'.

ಕುರ್ಚಿಯೊಂದನ್ನು ಮಂಚದ ಹತ್ತಿರಕ್ಕೆ ಎಳೆಸಿದಳು.
'ಮೆಲ್ಲನೆ' ಎಂದು ಸೇರಿಸಿ ನೋಡಿದಳು.
ಕಾದಂಬರಿ ಬರೆದ ಸೊಲೆನ್ ಉತ್ತರಿಸಿದಳು, ಎರಡೇ ಸಾಲು:
'ನನ್ನ ಕೋಣೆಯಲ್ಲಿ ಕುರ್ಚಿ ಇಲ್ಲ.
ನೊಲ್ವೆನ್‌ಳದು ಯಂತ್ರಗಳ ನಡುವೆ ಬಲಿತ ಗಂಟಲು, ಮೆಲ್ಲಗಾಗದು.'

ಇತ್ತು, ಒಂದು ಪದ ಇತ್ತು.
ಈ ಊರಿನ ಬಾಯಲ್ಲೇ ಇತ್ತು: 'ದಾ'.
ಗಣಿಯಿಂದ ಬಂದು ಬೂಟು ಬಿಚ್ಚುತ್ತ ಅಪ್ಪ ಅಮ್ಮನಿಗೆ
"ದಾ" ಎಂದರೆ ನೀನು. ಹೆಸ್ಟರಳಿಗೂ ದಾ, ಪಾರಿವಾಳಗಳಿಗೂ ದಾ.
ಶಾಲೆಯಲ್ಲಿ ಆ ಪದಕ್ಕೆ ಹೆಸ್ಟರ್ ಬೈಸಿಕೊಂಡಿದ್ದಳು.
ಈಗ ಅದನ್ನು ಬರೆದು ಲಂಡನ್ನಿಗೆ ಕಳಿಸಿದಳು.
ಸಂಪಾದಕಿ ಇಮೊಜೆನ್ ಅಂಚಿನಲ್ಲಿ ಗುರುತು ಹಾಕಿದಳು:
'ಮುದ್ದಾಗಿದೆ. ಆದರೆ ಓದುಗರು ಬ್ರಿಟನಿಯಲ್ಲಿದ್ದಾರೆ,
ಯಾರ್ಕ್‌ಷೈರಿನಲ್ಲಲ್ಲ.'

ಹೌದು.
ಅದಕ್ಕೂ ಮಿಗಿಲಾಗಿ ಇನ್ನೊಂದಿದೆ, ಇಮೊಜೆನ್‌ಗೆ ಗೊತ್ತಿಲ್ಲದ್ದು:
ಕೊನೆಯ ಚಳಿಗಾಲ, ಆಸ್ಪತ್ರೆಯ ನಾಲ್ಕನೆಯ ವಾರ್ಡು,
ಅಪ್ಪ ಹಾಸಿಗೆಯಲ್ಲಿ ಎದ್ದು ಕೂತು
ಐವತ್ತೆರಡು ವರ್ಷದ ಹೆಂಡತಿಗೆ ಬಲು ಮರ್ಯಾದೆಯಿಂದ,
'ದಾ' ಬಿಟ್ಟು 'ಯು' ಹಿಡಿದು, ಕೇಳಿದ್ದು:
"ಬಂದದ್ದು ಉಪಕಾರವಾಯಿತು. ನೀವು ಯಾರ ಮನೆಯವರು?"
ಅಮ್ಮ ಸ್ಕಾರ್ಫು ಸರಿಮಾಡಿಕೊಂಡು ಹೇಳಿದಳು:
"ಇಲ್ಲೇ, ಹತ್ತಿರದವಳು."

ಹನ್ನೆರಡನೆಯ ದಿನ ಹೆಸ್ಟರ್ ಏನನ್ನೂ ಸೇರಿಸಲಿಲ್ಲ.
'ಮದಾಮ್ ಟ್ರೆಗೆರ್' ಹೊಡೆದುಹಾಕಿದಳು, ಅಲ್ಲಿ ಮಾತ್ರ.
ಸಾವಿರ ಪದಕ್ಕೆ ಇಂತಿಷ್ಟು ಪೌಂಡು;
ಅಳಿಸಿದ ಪದಕ್ಕೆ ಕೂಲಿಯಿಲ್ಲ.
ಸೊಲೆನ್ ಒಂದು ವಾರ ಸುಮ್ಮನಿದ್ದು ಬರೆದಳು:
'ನಾನು ತೆಗೆಯದ್ದನ್ನು ನೀನು ತೆಗೆದಿದ್ದೀಯ.'
ಹೆಸ್ಟರ್ ಅದನ್ನು ಮೂರು ಸಲ ಓದಿದಳು.
ಬೈಗುಳವೋ ಮೆಚ್ಚುಗೆಯೋ ತಿಳಿಯಲಿಲ್ಲ, ಆದರೆ
ಎರಡು ವರ್ಷದ ಪತ್ರಗಳಲ್ಲಿ ಮೊದಲ ಸಲ
ಸೊಲೆನ್ ಏಕವಚನ ಬಳಸಿದ್ದಳು.

ಪುಸ್ತಕ ಬಂತು, ತೆಳುವಾಗಿ, ನೀಲಿ ರಟ್ಟು.
ಅನುವಾದಕಿಯ ಹೆಸರು ಹಿಂಬದಿಗೆ, ಬೆಲೆಪಟ್ಟಿಯ ಪಕ್ಕ,
ಇರುವೆ ಸಾಲಿನಷ್ಟು.
ಅಮ್ಮ ಮೊದಲು ಅದನ್ನೇ ಭೂತಗನ್ನಡಿಯಲ್ಲಿ ಹುಡುಕಿದಳು,
ಆಮೇಲೆ ದಿನಕ್ಕೆ ನಾಲ್ಕು ಪುಟದಂತೆ ಓದುತ್ತ ಬಂದಳು.
ಮೀನಿನ ವಿಷಯ ಜಾಸ್ತಿಯಾಯಿತು ಅಂದಳು.
ಆ ಸೊಸೆಗೆ ಕೊಬ್ಬು ಅಂದಳು.

ಒಂದು ಸಂಜೆ ಚಹಾ ಆರುತ್ತಿತ್ತು,
ಬೆರಳು ಒಂದು ಸಾಲಿನ ಕೊನೆಗೆ ನಿಂತುಬಿಟ್ಟಿತು.
"ಇಲ್ಲಿ ಅವಳು ಮದಾಮ್ ಅನ್ನಲಿಲ್ಲವಲ್ಲೇ.
ಅಚ್ಚಿನ ತಪ್ಪೇನೇ?"
"ಅಲ್ಲಮ್ಮ."
"ನಾನೂ ಅಲ್ಲ ಅಂತಲೇ ಅಂದುಕೊಂಡೆ," ಅಂದಳು,
ಬೆರಳು ತೆಗೆಯದೆ.